ಹಡಗಿನಲ್ಲಿ ಊಟ ಬಲ್ಲವರು ಯಾರು?

ಅಣುಶಕ್ತಿಯಿಂದ ನಡೆಯುವ ಜಲಾಂತರ್ಗಾಮಿಗೆ ಇಂಧನದ ಚಿಂತೆಯಿಲ್ಲ. ಒಮ್ಮೆ ತುಂಬಿದರೆ ವರ್ಷಗಟ್ಟಲೆ ಓಡುತ್ತದೆ. ಒಳಗಿರುವವರು ಉಸಿರಾಡಲು ಬೇಕಾದ ಆಮ್ಲಜನಕವನ್ನು ಸಮುದ್ರದ ನೀರಿನಿಂದಲೇ ತೆಗೆದುಕೊಳ್ಳುತ್ತದೆ, ಕುಡಿಯುವ ನೀರನ್ನೂ ಅದೇ ಉಪ್ಪುನೀರಿನಿಂದ ಮಾಡಿಕೊಳ್ಳುತ್ತದೆ. ಅದರ ಕೈಯಲ್ಲಿ ಆಗದ ಕೆಲಸ ಒಂದೇ: ಅಕ್ಕಿ ಬೆಳೆಯುವುದು. ಹಾಗಾಗಿ ಇಷ್ಟೆಲ್ಲ ತಂತ್ರಜ್ಞಾನ ಹೊತ್ತ ಹಡಗನ್ನು ಕೊನೆಗೆ ದಡಕ್ಕೆ ಎಳೆದು ತರುವುದು ಬರಿದಾಗುತ್ತ ಬಂದ ಉಗ್ರಾಣ. ನೌಕಾಪಡೆಯ ಬಗ್ಗೆ ಬರೆಯುವಾಗ ನಾವು ಕ್ಷಿಪಣಿಯ ದೂರ, ರೇಡಾರಿನ ಕಣ್ಣು, ಎಂಜಿನ್ನಿನ ಬಲ ಎಲ್ಲವನ್ನೂ ಲೆಕ್ಕ ಹಾಕುತ್ತೇವೆ. ಆ ಹಡಗನ್ನು ನಡೆಸುವವನ ತಟ್ಟೆಯ ವಿಷಯ ಬಂದಾಗ ಮಾತ್ರ ಅದು ಅವನ ಸ್ವಂತ ವಿಚಾರವೆಂಬಂತೆ ಸುಮ್ಮನಾಗುತ್ತೇವೆ. ತಿಂಗಳುಗಟ್ಟಲೆ ಸಮುದ್ರದಲ್ಲಿದ್ದು ಬಂದವನ ಸೊಂಟ ಎರಡು ಅಂಗುಲ ಹೆಚ್ಚಿದ್ದರೆ ಬಾಯಿಚಪಲ ಎನ್ನುತ್ತೇವೆ, ಶಿಸ್ತಿಲ್ಲ ಎನ್ನುತ್ತೇವೆ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ನಮ್ಮ ಬೆನ್ನಿಗಿದೆ. ಆದರೆ ಅದು ನೆಲದ ಮೇಲಿರುವವರ ಗಾದೆ. ಸಂತೆಗೆ ಹೋಗಿ ಸೊಪ್ಪು ಆರಿಸಿ ತರಬಲ್ಲವನು, ಬೇಡವೆನಿಸಿದಾಗ ತಟ್ಟೆ ಸರಿಸಬಲ್ಲವನು, ಹಸಿದಾಗ ಉಂಡು ನಿದ್ದೆ ಬಂದಾಗ ಮಲಗಬಲ್ಲವನು ಊಟ ಬಲ್ಲವನಾಗಬಹುದು. ಹಡಗಿನಲ್ಲಿ ಇವೆಲ್ಲವನ್ನೂ ಬೇರೆ ಯಾರೋ, ಹೆಚ್ಚಾಗಿ ದಡದಲ್ಲಿ ಕುಳಿತವರು, ಹಡಗು ಹೊರಡುವುದಕ್ಕೆ ಎಷ್ಟೋ ದಿನ ಮೊದಲೇ ನಿರ್ಧರಿಸಿರುತ್ತಾರೆ. ನಾವಿಕನ ಮೈಯಲ್ಲಿ ಕೊಬ್ಬೆಷ್ಟು ಸ್ನಾಯುವೆಷ್ಟು ಎಂಬುದಕ್ಕೆ ಮೊದಲು ಉತ್ತರ ಕೊಡಬೇಕಾದವರು ಉಗ್ರಾಣ ತುಂಬಿಸಿದವರು ಮತ್ತು ಪಾಳಿಯ ಪಟ್ಟಿ ಬರೆದವರು ಎಂಬುದು ನನ್ನ ವಾದ. ಇದನ್ನು ಮರುಕದಿಂದ ಹೇಳುತ್ತಿಲ್ಲ. ಐನೂರು ವರ್ಷಗಳ ಪುರಾವೆ ಅತ್ತಲೇ ಬೊಟ್ಟು ಮಾಡುತ್ತದೆ.

ಹಡಗಿಗೆ ಹೋಗುವ ಆಹಾರದ ಮೊದಲ ಅರ್ಹತೆ ರುಚಿಯೂ ಅಲ್ಲ, ಸತ್ವವೂ ಅಲ್ಲ, ಕೆಡದೆ ಉಳಿಯುವುದು. ಸೊಪ್ಪು ಮೊದಲ ವಾರದಲ್ಲೇ ಬಾಡುತ್ತದೆ, ಟೊಮೆಟೊ, ಬಾಳೆಹಣ್ಣು ಅದರ ಹಿಂದೆಯೇ ಹೋಗುತ್ತವೆ, ಕೊನೆಗೆ ಆಲೂಗಡ್ಡೆ, ಈರುಳ್ಳಿ, ಡಬ್ಬಿಗಳು, ಚೀಲಗಳು ಉಳಿಯುತ್ತವೆ. ಚೀಲದೊಳಗಿನದು ಏಕೆ ಕೆಡುವುದಿಲ್ಲ ಎಂದು ಕೇಳಿದರೆ ಇಡೀ ಕಥೆಯ ಬುಡ ಸಿಗುತ್ತದೆ. ಅಕ್ಕಿಯ ತವುಡಿನಲ್ಲಿ ಎಣ್ಣೆಯಂಶವಿದೆ, ಅದು ಬೇಗ ಮುಗ್ಗುತ್ತದೆ. ಆದ್ದರಿಂದ ತವುಡು ತೆಗೆದು ಬೆಳ್ಳಗೆ ಮಾಡಿದ ಅಕ್ಕಿ ಬಾಳಿಕೆ ಬರುತ್ತದೆ. ಗೋಧಿಯ ಮೊಳಕೆಯಂಶ ಮತ್ತು ಹೊಟ್ಟು ತೆಗೆದರೆ ಮೈದಾ ಬಾಳುತ್ತದೆ. ಸಕ್ಕರೆ ಕೆಡುವ ಮಾತೇ ಇಲ್ಲ. ಅಂದರೆ ಕೆಡಬಲ್ಲ ಸತ್ವವನ್ನು ತೆಗೆದು ಮಿಕ್ಕಿದ್ದನ್ನು ನಾವು ಮನುಷ್ಯನಿಗೆ ಉಳಿಸಿಕೊಳ್ಳುತ್ತೇವೆ. ಹಳೆಯ ಕಾಲದ ಸ್ಕರ್ವಿ, ನಡುಗಾಲದ ಬೆರಿಬೆರಿ, ಇಂದಿನ ಬೊಜ್ಜು, ಈ ಮೂರನ್ನೂ ಬೇರೆ ಬೇರೆ ರೋಗಗಳೆಂದು ವೈದ್ಯರು ಓದುತ್ತಾರೆ, ಅದು ಸರಿಯೇ. ಹಡಗಿನ ಮಟ್ಟಿಗೆ ಮೂರೂ ಒಂದೇ ತಾಯಿಯ ಮಕ್ಕಳು.

ಮೊದಲ ಮಗುವಿನ ಕಥೆಗೆ ನಮ್ಮ ಕರಾವಳಿಯ ನಂಟಿದೆ. ಕಾರವಾರದ ಎದುರಿಗಿರುವ ಅಂಜದೀವ ದ್ವೀಪದಲ್ಲಿ ಹಡಗುಗಳ ಹೊಟ್ಟೆ ಕೆರೆಸಿ, ನೀರು ತುಂಬಿಸಿಕೊಂಡು ವಾಸ್ಕೋ ಡ ಗಾಮ 1498ರ ಅಕ್ಟೋಬರ್ ಆರಂಭದಲ್ಲಿ ಆಫ್ರಿಕದ ಕಡೆಗೆ ಹೊರಟ. ಗಾಳಿಯ ಋತು ತಪ್ಪಿತ್ತು. ದಡ ಕಾಣಲು ಹೆಚ್ಚುಕಡಿಮೆ ಮೂರು ತಿಂಗಳು ಹಿಡಿಯಿತು. ಅಷ್ಟರಲ್ಲಿ ವಸಡು ಊದಿ, ಕಾಲು ಬಾತು ಮೂವತ್ತು ಜನ ಸತ್ತರು, ಪ್ರತಿ ಹಡಗಿನಲ್ಲೂ ಕೆಲಸ ಮಾಡಬಲ್ಲವರು ಏಳೆಂಟು ಮಂದಿ ಉಳಿದರು. ನಡೆಸಲು ಜನ ಸಾಲದೆ ಮುಂದೆ ಒಂದು ಹಡಗನ್ನೇ ಸುಟ್ಟುಹಾಕಬೇಕಾಯಿತು. ಅದಾದ ಮೇಲೂ ಸುಮಾರು ಮೂರು ಶತಮಾನ ಯುರೋಪಿನ ನೌಕಾಪಡೆಗಳು ಸ್ಕರ್ವಿಗೆ ಜನರನ್ನು ಬಲಿಕೊಡುತ್ತಲೇ ಬಂದವು. ಊಟ ಕಡಿಮೆಯಿತ್ತೆಂದಲ್ಲ. ಹದಿನೆಂಟನೆಯ ಶತಮಾನದ ಬ್ರಿಟಿಷ್ ನಾವಿಕನಿಗೆ ದಿನಕ್ಕೆ ಒಂದು ಪೌಂಡ್ ಬಿಸ್ಕತ್ತು, ಒಂದು ಗ್ಯಾಲನ್ ಬಿಯರ್, ವಾರಕ್ಕೆ ಹಲವು ಪೌಂಡ್ ಉಪ್ಪುಮಾಂಸದ ಪಡಿ ಇತ್ತು. ಹೊಟ್ಟೆ ತುಂಬಿಯೇ ಸಾಯುತ್ತಿದ್ದರು. ಆ ರೋಗದ ಮೊದಲ ಲಕ್ಷಣ ಆಲಸ್ಯ. ಕೈಕಾಲು ಏಳುವುದಿಲ್ಲ, ಮನಸ್ಸು ಮುಂದಾಗುವುದಿಲ್ಲ. ಇದನ್ನು ನೋಡಿದ ಅಧಿಕಾರಿಗಳೂ ಕೆಲವು ವೈದ್ಯರೂ ಸೋಮಾರಿತನವೇ ರೋಗದ ಮೂಲವೆಂದು ನಂಬಿದ್ದರು. ಇಂದು ಬೊಜ್ಜಿನ ಬಗ್ಗೆ ಆಡುವ ಮಾತಿಗೂ ಇದಕ್ಕೂ ಇರುವ ಹೋಲಿಕೆ ಆಕಸ್ಮಿಕವಲ್ಲ. 1747ರಲ್ಲಿ ಸ್ಯಾಲಿಸ್‌ಬರಿ ಹಡಗಿನಲ್ಲಿ ಜೇಮ್ಸ್ ಲಿಂಡ್ ಹನ್ನೆರಡು ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟ. ಕಿತ್ತಳೆ, ನಿಂಬೆ ತಿಂದ ಜೋಡಿ ಆರು ದಿನದಲ್ಲಿ, ಹಣ್ಣು ಮುಗಿಯುವ ಹೊತ್ತಿಗೆ, ಎದ್ದು ಓಡಾಡುವಷ್ಟಾಯಿತು. ಪುಸ್ತಕ ಬಂದದ್ದು 1753ರಲ್ಲಿ. ನಿಂಬೆರಸ ಬ್ರಿಟಿಷ್ ನೌಕಾಪಡೆಯ ಪಡಿತರಕ್ಕೆ ಸೇರಿದ್ದು 1795ರಲ್ಲಿ. ನಡುವಿನ ನಲವತ್ತೆರಡು ವರ್ಷ ನಾವಿಕರು ಸೋಮಾರಿಗಳಾಗಿಯೇ ಉಳಿದರು.

ಎರಡನೆಯ ಮಗುವಿನ ಕಥೆ ಜಪಾನಿನದು, ಸ್ವಲ್ಪ ನಿಂತು ಹೇಳಬೇಕಾದದ್ದು. 1880ರ ಸುಮಾರಿಗೆ ಜಪಾನಿನ ಹೊಸ ನೌಕಾಪಡೆಯಲ್ಲಿ ಬೆರಿಬೆರಿ ಎಷ್ಟಿತ್ತೆಂದರೆ ಕೆಲವು ವರ್ಷ ಮೂವರಲ್ಲಿ ಒಬ್ಬ ನಾವಿಕ ಅದರಿಂದ ಮಲಗುತ್ತಿದ್ದ. ಕಾಲು ಜೋಮು ಹಿಡಿಯುತ್ತದೆ, ಮೈ ಊದುತ್ತದೆ, ಕೊನೆಗೆ ಹೃದಯ ನಿಲ್ಲುತ್ತದೆ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಓದಿ ಬಂದಿದ್ದ ನೌಕಾ ವೈದ್ಯ ತಕಾಕಿ ಕನೆಹಿರೊ ಒಂದು ಸಣ್ಣ ಸಂಗತಿ ಗಮನಿಸಿದ. ರೋಗ ಸಾಮಾನ್ಯ ನಾವಿಕರಿಗೆ ಬರುತ್ತದೆ, ಅಧಿಕಾರಿಗಳಿಗೆ ಬರುವುದು ಅಪರೂಪ. ಇಬ್ಬರೂ ಇರುವುದು ಅದೇ ಹಡಗಿನಲ್ಲಿ, ಅದೇ ಗಾಳಿಯಲ್ಲಿ. ಬೇರೆಯಿರುವುದು ತಟ್ಟೆ. ಅಷ್ಟರಲ್ಲಿ ರ್ಯೂಜೊ ಎಂಬ ತರಬೇತಿ ಹಡಗು ನ್ಯೂಜಿಲೆಂಡ್, ದಕ್ಷಿಣ ಅಮೆರಿಕ, ಹವಾಯಿ ಸುತ್ತಿಕೊಂಡು 1883ರಲ್ಲಿ ಮರಳಿತು. 272 ದಿನಗಳ ಯಾನ, 376 ಜನ. ಅವರಲ್ಲಿ 169 ಮಂದಿಗೆ ಬೆರಿಬೆರಿ, 25 ಸಾವು. ತಕಾಕಿ ಬೇಡಿದ್ದು ವಿಚಿತ್ರವಾದುದನ್ನು: ಇನ್ನೊಂದು ಹಡಗನ್ನು ಅದೇ ದಾರಿಯಲ್ಲಿ, ಹೆಚ್ಚುಕಡಿಮೆ ಅಷ್ಟೇ ದಿನ ಕಳಿಸಿ, ಊಟ ಮಾತ್ರ ಬದಲಿಸಿ ಎಂದ. 1884ರಲ್ಲಿ ತ್ಸುಕುಬ ಹೊರಟಿತು. ಬಿಳಿ ಅನ್ನ ತಗ್ಗಿಸಿ ಮಾಂಸ, ಮೀನು, ಬ್ರೆಡ್ಡು, ಕಾಳು, ಡಬ್ಬಿಹಾಲು ಏರಿಸಿದ ಪಡಿತರ. 287 ದಿನ, 333 ಜನ. ರೋಗ ಬಂದವರು ಇಪ್ಪತ್ತಕ್ಕಿಂತ ಕಡಿಮೆ, ಅವರಲ್ಲೂ ಹೆಚ್ಚಿನವರು ಹೊಸ ಆಹಾರ ಒಗ್ಗದೆ ಬಿಟ್ಟವರು. ಸಾವು ಒಂದೂ ಇಲ್ಲ. ಒಂದೆರಡು ವರ್ಷದಲ್ಲಿ ಜಪಾನಿನ ನೌಕಾಪಡೆಯಿಂದ ಬೆರಿಬೆರಿ ಹೆಚ್ಚುಕಡಿಮೆ ಮಾಯವಾಯಿತು. ತಕಾಕಿಯ ಸಿದ್ಧಾಂತ ತಪ್ಪಾಗಿತ್ತು ಎಂಬುದನ್ನೂ ಹೇಳಬೇಕು. ಅವನು ಅದನ್ನು ಪ್ರೊಟೀನ್ ಕೊರತೆಯೆಂದು ತಿಳಿದಿದ್ದ. ತವುಡಿನೊಂದಿಗೆ ಹೋಗುತ್ತಿದ್ದ ಥಯಾಮಿನ್ ಎಂಬ ಜೀವಸತ್ವ ಕೈಗೆ ಸಿಕ್ಕಿದ್ದು 1926ರಲ್ಲಿ. ಕಾರಣ ತಪ್ಪಾಗಿ ತಿಳಿದೂ ತಟ್ಟೆ ಸರಿ ಮಾಡಿದ ವೈದ್ಯ, ಕಾರಣ ಪೂರ್ತಿ ತಿಳಿಯುವವರೆಗೆ ಕೈಕಟ್ಟಿ ಕುಳಿತವರಿಗಿಂತ ಹೆಚ್ಚು ಜೀವ ಉಳಿಸಿದ.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಅಂಕಿಗಳಲ್ಲ, ಅದಕ್ಕೆ ಮುಂಚಿನ ಏರ್ಪಾಡು. ನಾವಿಕರಿಗೆ ಅಕ್ಕಿ ಸಿಗುತ್ತಿತ್ತು, ಮೇಲೋಗರಕ್ಕೆಂದು ನಗದು ಕೊಡುತ್ತಿದ್ದರು. ಬಡ ಹಳ್ಳಿಗಳಿಂದ ಬಂದ ಹುಡುಗರು ಆ ಕಾಸನ್ನು ಉಳಿಸಿ ಮನೆಗೆ ಕಳಿಸುತ್ತಿದ್ದರು, ತಾವು ಅನ್ನ ಉಪ್ಪಿನಕಾಯಿಯಲ್ಲಿ ದಿನ ದೂಡುತ್ತಿದ್ದರು. ಆಯ್ಕೆಯ ಸ್ವಾತಂತ್ರ್ಯ ಅವರಿಗಿತ್ತು ಎಂದು ಕಾಗದದ ಮೇಲೆ ವಾದಿಸಬಹುದು. ಅಪ್ಪ ಅಮ್ಮನಿಗೆ ಹಣ ಕಳಿಸುವವನ ಬಾಯಿಚಪಲದ ಬಗ್ಗೆ ಏನೆಂದು ಉಪದೇಶ ಮಾಡುವುದು? ತಕಾಕಿ ಉಪದೇಶ ಮಾಡಲಿಲ್ಲ. ನಗದಿನ ಬದಲು ಆಹಾರವನ್ನೇ ಕೊಡಿ ಎಂದ. ಬ್ರೆಡ್ಡನ್ನು ನಾವಿಕರು ಸಮುದ್ರಕ್ಕೆ ಎಸೆದಾಗ ಅವರನ್ನು ಬೈದುಕೊಂಡು ಕೂರದೆ ಅಕ್ಕಿಯೊಂದಿಗೆ ಬಾರ್ಲಿ ಬೆರೆಸಿದ. ಇತ್ತ ಅದೇ ದೇಶದ ಭೂಸೇನೆ ಬಿಳಿ ಅನ್ನವನ್ನು ಬಿಡಲಿಲ್ಲ. ಜರ್ಮನಿಯಲ್ಲಿ ಓದಿದ ಅದರ ವೈದ್ಯರು ಬೆರಿಬೆರಿ ಸೋಂಕುರೋಗವೆಂದೇ ಹಟ ಹಿಡಿದರು. ಮುಂದೆ ದೊಡ್ಡ ಕಾದಂಬರಿಕಾರನೆಂದು ಹೆಸರಾದ ಮೊರಿ ಓಗೈ ಅವರಲ್ಲೊಬ್ಬ. ಬಿಳಿ ಅನ್ನ ಅಂದಿನ ಜಪಾನಿನ ಬಡವನ ಕನಸು ಕೂಡ ಆಗಿತ್ತು. ಸೇನೆಗೆ ಸೇರಿದರೆ ದಿನವೂ ಬಿಳಿ ಅನ್ನ ಎಂಬುದು ಒಂದು ಆಮಿಷ. ರಾಗಿ ಮುದ್ದೆ, ಜೋಳದ ರೊಟ್ಟಿ ತಿನ್ನುವ ಮನೆಗಳಲ್ಲಿ ಅನ್ನ ಹಬ್ಬದ ದಿನದ ಮರ್ಯಾದೆಯಾಗಿದ್ದ ಕಾಲ ನಮಗೂ ದೂರದ್ದಲ್ಲ, ಆದ್ದರಿಂದ ನಗುವ ಹಕ್ಕು ನಮಗಿಲ್ಲ. 1904-05ರ ರಷ್ಯಾ ಯುದ್ಧದಲ್ಲಿ ಜಪಾನಿನ ಭೂಸೇನೆಯ ಸುಮಾರು ಎರಡೂವರೆ ಲಕ್ಷ ಸೈನಿಕರಿಗೆ ಬೆರಿಬೆರಿ ಬಂತು, ಸುಮಾರು 27,000 ಮಂದಿ ಸತ್ತರು. ನೌಕಾಪಡೆ ಬಹುಮಟ್ಟಿಗೆ ಪಾರಾಯಿತು. ಒಂದೇ ದೇಶ, ಒಂದೇ ಯುದ್ಧ, ಒಂದೇ ಬಗೆಯ ಹುಡುಗರು.

ಈ ರೋಗಕ್ಕೆ ಮದ್ದು ನಮ್ಮ ಕರಾವಳಿಯ ಮಡಕೆಯಲ್ಲೇ ಇತ್ತು. ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟಿದ ಕುಚ್ಚಲಕ್ಕಿಯಲ್ಲಿ ತವುಡಿನ ಸತ್ವ ಬೇಯುವಾಗಲೇ ಕಾಳಿನೊಳಕ್ಕೆ ಇಳಿದಿರುತ್ತದೆ, ಆಮೇಲೆ ತವುಡು ಹೋದರೂ ಬಹುಪಾಲು ಒಳಗೇ ಉಳಿಯುತ್ತದೆ. ಬ್ರಿಟಿಷರ ಮಲಯದಲ್ಲಿ ಬೆಳ್ತಿಗೆ ಅಕ್ಕಿ ತಿನ್ನುತ್ತಿದ್ದ ಚೀನೀ ಕೂಲಿಗಳು ಬೆರಿಬೆರಿಯಿಂದ ಸಾಯುತ್ತಿದ್ದಾಗ ಕುಚ್ಚಲಕ್ಕಿ ತಿನ್ನುತ್ತಿದ್ದ ತಮಿಳು ಕೂಲಿಗಳು ಪಾರಾಗುತ್ತಿದ್ದುದನ್ನು ಬ್ರ್ಯಾಡನ್ ಎಂಬ ವೈದ್ಯ 1907ರಲ್ಲಿ ಬರೆದ. ಇನ್ನೊಂದು ನಿದರ್ಶನ ಸಮುದ್ರದ್ದಲ್ಲ, ಆದರೆ ಹಡಗಿನಷ್ಟೇ ಮುಚ್ಚಿದ ಜಾಗದ್ದು. ಮೊದಲ ಮಹಾಯುದ್ಧದಲ್ಲಿ ಮೆಸಪೊಟೇಮಿಯದ ಕುಟ್ ಪಟ್ಟಣದಲ್ಲಿ ಬ್ರಿಟಿಷ್ ಮತ್ತು ಭಾರತೀಯ ಸೈನಿಕರು 1915ರ ಡಿಸೆಂಬರಿನಿಂದ 1916ರ ಏಪ್ರಿಲ್ ಕೊನೆಯವರೆಗೆ ತುರ್ಕರ ಮುತ್ತಿಗೆಯಲ್ಲಿ ಸಿಕ್ಕಿಕೊಂಡರು. ಬಿಳಿ ಹಿಟ್ಟಿನ ಬ್ರೆಡ್ಡೂ ಕುದುರೆ ಮಾಂಸವೂ ತಿಂದ ಬ್ರಿಟಿಷರಿಗೆ ಬೆರಿಬೆರಿ ಬಂತು. ತಾಜಾ ಮಾಂಸ ಅವರನ್ನು ಸ್ಕರ್ವಿಯಿಂದ ಕಾಯಿತು. ಗೋಧಿ ಹಿಟ್ಟು ತಿಂದ, ಕುದುರೆ ಮಾಂಸ ಒಲ್ಲೆನೆಂದ ಭಾರತೀಯರಿಗೆ ಬೆರಿಬೆರಿ ಬರಲಿಲ್ಲ, ಸ್ಕರ್ವಿ ಬಂತು. ಒಂದೇ ಗೋಡೆಯೊಳಗೆ ಎರಡು ಪಡಿತರ, ಎರಡು ರೋಗ. ಯಾರ ಮನೋಬಲ ಹೆಚ್ಚು, ಯಾರದು ಕಡಿಮೆ ಎಂಬ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ.

ಈಗ ಮೂರನೆಯ ಮಗು, ಬೊಜ್ಜು. ಹಾಯಿ ಏರಿಸಿ, ಹಗ್ಗ ಎಳೆದು, ನೀರು ಹೊರಹಾಕಿ ದಿನ ಕಳೆಯುತ್ತಿದ್ದ ನಾವಿಕನ ಜಾಗದಲ್ಲಿ ಇಂದು ಪರದೆಯ ಮುಂದೆ ಕುಳಿತು ಚುಕ್ಕೆ ನೋಡುವವನಿದ್ದಾನೆ. ಕೆಲಸದ ಒತ್ತಡ ಕಡಿಮೆಯಾಗಿಲ್ಲ, ಮೈಯ ದುಡಿತ ಕಡಿಮೆಯಾಗಿದೆ. ಉಗ್ರಾಣದ ನಿಯಮ ಮಾತ್ರ ಹಳೆಯದೇ: ಬಾಳುವುದನ್ನು ತುಂಬು. ಅಮೆರಿಕದ ಸೇನಾ ಆರೋಗ್ಯ ಲೆಕ್ಕದ ಪ್ರಕಾರ 2018ರಲ್ಲಿ ಸಕ್ರಿಯ ಸೇವೆಯಲ್ಲಿದ್ದವರಲ್ಲಿ ಬೊಜ್ಜಿನ ಪ್ರಮಾಣ ಎಲ್ಲ ಪಡೆಗಳಿಗಿಂತ ಹೆಚ್ಚಿದ್ದದ್ದು ನೌಕಾಪಡೆಯಲ್ಲಿ, ನೂರಕ್ಕೆ 22. ಅತಿ ಕಡಿಮೆಯಿದ್ದದ್ದು ಮರೀನ್ ಪಡೆಯಲ್ಲಿ, ನೂರಕ್ಕೆ 8 ಚಿಲ್ಲರೆ. ಎರಡೂ ಪಡೆಗಳು ಒಂದೇ ಇಲಾಖೆಯ ಕೆಳಗಿವೆ. ಮರೀನ್‌ಗಳು ವಯಸ್ಸಿನಲ್ಲಿ ಕಿರಿಯರು, ಆಯ್ಕೆಯೂ ಕಠಿಣ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಅಷ್ಟೂ ಅಂತರ ಹಡಗಿನಿಂದಲೇ ಬಂತೆಂದು ಹೇಳಲಾಗದು. ಆದರೆ ದಿನವೆಲ್ಲ ನಡೆಯುವ, ಹೊರುವ ಕೆಲಸ ಒಬ್ಬನಿಗೆ, ಕಬ್ಬಿಣದ ಕೋಣೆಯಲ್ಲಿ ಕೂರುವ ಕೆಲಸ ಇನ್ನೊಬ್ಬನಿಗೆ ಎಂಬ ವ್ಯತ್ಯಾಸವನ್ನು ಬದಿಗಿಟ್ಟು ಶಿಸ್ತಿನಿಂದಲೇ ಇದನ್ನು ವಿವರಿಸಲು ಹೊರಟರೆ ಆ ವಿವರಣೆ ಕುಂಟುತ್ತದೆ. ಸಮವಸ್ತ್ರ ತೊಟ್ಟವನಿಗೆ ಶಿಸ್ತಿಲ್ಲ ಎನ್ನುವುದೇ ಮೊದಲು ವಿಚಿತ್ರ. ಕೊಟ್ಟ ಹೊತ್ತಿಗೆ ಏಳುವುದು, ಕೊಟ್ಟ ಹೊತ್ತಿಗೆ ಬಡಿಸಿದ್ದನ್ನು ಉಣ್ಣುವುದು, ಇದೇ ಅವನ ಶಿಸ್ತು.

ಶಿಸ್ತಿಲ್ಲವೆಂಬ ಈ ಆಕ್ಷೇಪವನ್ನು ಅಷ್ಟಕ್ಕೇ ಬಿಡಬಾರದು, ಏಕೆಂದರೆ ಅದರಲ್ಲಿ ಒಂದು ಪಾಲು ಸತ್ಯವಿದೆ. ಹಡಗಿನಲ್ಲೂ ಒಂದೇ ಅಡುಗೆಯನ್ನು ಇಬ್ಬರು ಬೇರೆ ಬೇರೆ ಪ್ರಮಾಣ ಉಣ್ಣುತ್ತಾರೆ, ಎರಡು ಚಮಚ ಸಕ್ಕರೆಯ ಬದಲು ಒಂದನ್ನು ಹಾಕಿಕೊಳ್ಳುವುದು ಯಾರಿಂದಲೂ ಆಗುತ್ತದೆ. ಆ ಹತೋಟಿ ಎಲ್ಲಿಂದ ಬರುತ್ತದೆ ಎಂದು ಕೇಳಬೇಕು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ ಇಪ್ಪತ್ತು ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಎರಡು ವಾರ ಕಾರ್ಖಾನೆಯಲ್ಲಿ ಸಿದ್ಧವಾದ ಆಹಾರವನ್ನೂ ಎರಡು ವಾರ ಸಾದಾ ಅಡುಗೆಯನ್ನೂ ಬೇಕಾದಷ್ಟು ತಿನ್ನಲು ಬಿಟ್ಟಿತು. 2019ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಅದೇ ಜನ ಕಾರ್ಖಾನೆ ಆಹಾರವಿದ್ದಾಗ ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು, ತಮಗರಿವಿಲ್ಲದೆಯೇ. ಮನೋಬಲ ಬದಲಾಗಿರಲಿಲ್ಲ, ಊಟ ಬದಲಾಗಿತ್ತು. ನಿದ್ದೆಯದು ಇದಕ್ಕಿಂತ ಗಂಭೀರ. ಶಿಕಾಗೊ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ, 2010ರ ಫಲಿತಾಂಶ ಅದು, ತೂಕ ಹೆಚ್ಚಿದ್ದ ಹತ್ತು ಜನರಿಗೆ ಕಡಿಮೆ ಕ್ಯಾಲರಿಯ ಒಂದೇ ಬಗೆಯ ಆಹಾರ ಕೊಟ್ಟು, ಒಂದು ಸುತ್ತಿನಲ್ಲಿ ರಾತ್ರಿ ಎಂಟೂವರೆ ಗಂಟೆ, ಇನ್ನೊಂದು ಸುತ್ತಿನಲ್ಲಿ ಐದೂವರೆ ಗಂಟೆ ಮಲಗಲು ಬಿಟ್ಟರು. ಎರಡು ಸುತ್ತಿನಲ್ಲೂ ಇಳಿದ ತೂಕ ಹೆಚ್ಚುಕಡಿಮೆ ಒಂದೇ, ಮೂರು ಕಿಲೋ ಸುಮಾರು. ಆದರೆ ನಿದ್ದೆ ಕಡಿಮೆಯಾದಾಗ ಅದರಲ್ಲಿ ಕೊಬ್ಬಿನ ಪಾಲು ಅರ್ಧಕ್ಕಿಂತ ಹೆಚ್ಚು ಕುಸಿಯಿತು, ಕರಗಿದ್ದು ಸ್ನಾಯು ಮೊದಲಾದ ಕೊಬ್ಬಲ್ಲದ ಭಾಗ. ಹಡಗಿನ ಪಾಳಿ ನಿದ್ದೆಯನ್ನು ತುಂಡು ತುಂಡು ಮಾಡುತ್ತದೆ. ಅಮೆರಿಕದ ಜಲಾಂತರ್ಗಾಮಿಗಳು ಬಹುಕಾಲ 18 ಗಂಟೆಗೊಂದು ದಿನ ಎಂಬ ಲೆಕ್ಕದಲ್ಲೇ ನಡೆದವು, ಮೈಗೆ ಬೆಳಗು ಯಾವುದು ರಾತ್ರಿ ಯಾವುದು ತಿಳಿಯುತ್ತಿರಲಿಲ್ಲ. 2017ರಲ್ಲಿ ಫಿಟ್ಜ್‌ಜೆರಾಲ್ಡ್ ಮತ್ತು ಜಾನ್ ಎಸ್. ಮೆಕೇನ್ ಯುದ್ಧನೌಕೆಗಳು ಎರಡು ತಿಂಗಳ ಅಂತರದಲ್ಲಿ ಸರಕು ಹಡಗುಗಳಿಗೆ ಡಿಕ್ಕಿಯಾಗಿ 17 ನಾವಿಕರು ಸತ್ತ ಮೇಲೆ ನಿದ್ದೆಗೇಡು ಆ ದೇಶದಲ್ಲಿ ದೊಡ್ಡ ಚರ್ಚೆಯಾಯಿತು. ಸೊಂಟ ಅಳೆಯುವ ಅಧಿಕಾರಿ ಅದೇ ದಿನ ನಿದ್ದೆಯ ಗಂಟೆಯನ್ನೂ ಬರೆದುಕೊಳ್ಳುತ್ತಿದ್ದರೆ ಆ ಚರ್ಚೆ ಬೇಗ ಶುರುವಾಗುತ್ತಿತ್ತೋ ಏನೋ.

ಸಮುದ್ರಯಾನವೇ ದಪ್ಪ ಮಾಡುತ್ತದೆ ಎಂದು ನಾನು ಹೇಳುತ್ತಿದ್ದೇನೆ ಎಂದುಕೊಂಡವರಿಗೆ ಒಂದು ಅಧ್ಯಯನ ತೊಡಕಾಗಬಹುದು, ಅದನ್ನು ಮುಚ್ಚಿಡಲಾರೆ. ಅಮೆರಿಕದ 53 ಜಲಾಂತರ್ಗಾಮಿ ನಾವಿಕರನ್ನು ಮೂರು ತಿಂಗಳ ಗಸ್ತಿನ ಮುನ್ನ ಮತ್ತು ನಂತರ ಪರೀಕ್ಷಿಸಿ 2016ರಲ್ಲಿ ವರದಿ ಮಾಡಿದರು. ಹೊರಡುವ ಮುನ್ನವೇ ನೂರಕ್ಕೆ 62 ಜನರ ಮೈಯಲ್ಲಿ ಕೊಬ್ಬು ಕಾಲುಭಾಗ ಮೀರಿತ್ತು. ಹಿಂದಿರುಗಿದಾಗ ಈ ದಪ್ಪ ಗುಂಪಿನ ತೂಕ ಸರಾಸರಿ ನೂರಕ್ಕೆ 5ರಷ್ಟು, ಕೊಬ್ಬು ನೂರಕ್ಕೆ 11ರಷ್ಟು ಇಳಿದಿತ್ತು. ಕಾರಣ ಸರಳ: ಒಳಗೆ ಅವರು ದಿನಕ್ಕೆ ಸುಮಾರು ಐನೂರು ಕ್ಯಾಲರಿ ಕಡಿಮೆ ಉಣ್ಣುತ್ತಿದ್ದರು. ನೀರಿನಡಿ ರಾತ್ರಿ ಹನ್ನೊಂದಕ್ಕೆ ಬರ್ಗರ್ ತಂದುಕೊಡುವವರಿಲ್ಲ. ಈ ಫಲಿತಾಂಶ ನನ್ನ ವಾದವನ್ನು ಕೆಡವುವುದಿಲ್ಲ, ಎತ್ತಿ ಹಿಡಿಯುತ್ತದೆ. ನಾವಿಕರ ಸಂಕಲ್ಪ ಹಡಗಿನೊಳಗೆ ಹೊಕ್ಕ ಕೂಡಲೇ ಗಟ್ಟಿಯಾಗಲಿಲ್ಲ, ಸುತ್ತಲಿನ ಏರ್ಪಾಡು ಬದಲಾಯಿತು, ಮೈ ಅದನ್ನು ಹಿಂಬಾಲಿಸಿತು. ಏರ್ಪಾಡು ಮೈಯನ್ನು ಒಳ್ಳೆಯ ಕಡೆಗೂ ಒಯ್ಯಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಒಂದು ಎಚ್ಚರಿಕೆ: ತೂಕ ಇಳಿದದ್ದನ್ನೇ ಆರೋಗ್ಯವೆಂದು ಓದಬಾರದು. ಸೂರ್ಯನ ಬೆಳಕಿಲ್ಲದ ಗಸ್ತಿನಲ್ಲಿ ವಿಟಮಿನ್ ಡಿ ಕುಸಿಯುವುದು ಹಲವು ದೇಶಗಳ ನೌಕಾಪಡೆಗಳಲ್ಲಿ ಕಂಡ ಸಂಗತಿ. ಅದು ಯಾವ ತಕ್ಕಡಿಗೂ ಕಾಣುವುದಿಲ್ಲ.

ತಕ್ಕಡಿಗೆ ಕಾಣದ್ದು ಇನ್ನೂ ಇದೆ, ಅದು ನೇರವಾಗಿ ನಮ್ಮವರಿಗೆ ಸಂಬಂಧಿಸಿದ್ದು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೊವನ್ನೇ ಹಾಕಿ ಒಂದು ಪುಟ್ಟ ಟಿಪ್ಪಣಿ ಬರೆದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಸೂಚಿ, ಒಂದೇ: 22.3. ಮೈಯಲ್ಲಿನ ಕೊಬ್ಬು ಯಡ್ಕಿನ್ನರದು ನೂರಕ್ಕೆ 9.1, ಯಾಜ್ಞಿಕರದು 21.2. ಕಣ್ಣಿಗೆ ಸಣಕಲಾಗಿ ಕಾಣುವ ಭಾರತೀಯನ ಒಳಗೆ ಕೊಬ್ಬು ಅಡಗಿರುತ್ತದೆ, ಸ್ನಾಯು ಕಡಿಮೆಯಿರುತ್ತದೆ. ಮಧುಮೇಹ ನಮ್ಮನ್ನು ಬೇಗ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಇನ್ನು ಅಳತೆಪಟ್ಟಿ. ಕುತ್ತಿಗೆ, ಸೊಂಟ, ಎತ್ತರ ಹಾಕಿದರೆ ಕೊಬ್ಬಿನ ಪ್ರಮಾಣ ಹೇಳುವ ಸೂತ್ರ ಇಂದು ಜಿಮ್ಮಿಗೆ ಹೋಗುವ ಹುಡುಗರ ಮೊಬೈಲಿನಲ್ಲೂ ಇದೆ. ಅದು 1984ರಲ್ಲಿ ಹಾಜ್‌ಡನ್ ಮತ್ತು ಬೆಕೆಟ್ ಎಂಬವರು ಅಮೆರಿಕದ ನೌಕಾಪಡೆಗಾಗಿ, ಅಲ್ಲಿನ ನಾವಿಕರ ಮೈಗಳನ್ನು ಅಳೆದು ಕಟ್ಟಿದ್ದು. ಬೇರೆಯವರ ಮೈಗೆ ಹೊಲಿದ ಅಂಗಿಯನ್ನು ತೊಡಿಸಿ ನಿನ್ನ ಭುಜ ಸರಿಯಿಲ್ಲ ಎನ್ನುವಂತೆ ಆಗಬಾರದು. ತೂಕ ಏರದಿದ್ದರೂ ಆರು ತಿಂಗಳ ಯಾನದಲ್ಲಿ ತೊಡೆಯ ಸ್ನಾಯು ಕರಗಿ ಹೊಟ್ಟೆಯ ಕೊಬ್ಬು ಕೂಡಬಹುದು. ಅಂಥವನು ತಕ್ಕಡಿಯ ಮೇಲೆ ತೇರ್ಗಡೆಯಾಗುತ್ತಾನೆ, ಬೆಂಕಿ ಬಿದ್ದಾಗ ಗಾಯಗೊಂಡ ಗೆಳೆಯನನ್ನು ಕಡಿದಾದ ಏಣಿಯಲ್ಲಿ ಹೊತ್ತು ಮೇಲೆ ತರಲಾರ.

ಹಡಗಿನ ಬೇಸರದ ಬದುಕಿನಲ್ಲಿ ಬಿಸಿ ಪೂರಿ, ಬಜ್ಜಿ, ಜಾಮೂನು ಬಿಟ್ಟರೆ ಇನ್ನೇನು ಸುಖವಿದೆ, ಅದನ್ನೂ ಕಿತ್ತುಕೊಳ್ಳಬೇಕೇ ಎಂಬ ಪ್ರಶ್ನೆ ಎಲ್ಲಕ್ಕಿಂತ ನ್ಯಾಯವಾದದ್ದು. ಊಟ ಹಡಗಿನಲ್ಲಿ ಬರೀ ಪೋಷಕಾಂಶವಲ್ಲ, ಮರ್ಯಾದೆ. 1905ರಲ್ಲಿ ರಷ್ಯಾದ ಪೊಟೆಂಕಿನ್ ನೌಕೆಯ ದಂಗೆ ಹುಳು ಬಿದ್ದ ಮಾಂಸದಿಂದ ಶುರುವಾಯಿತು. 1946ರ ಫೆಬ್ರವರಿ 18ರಂದು ಮುಂಬಯಿಯ ತಲ್ವಾರ್ ನೌಕಾ ಶಾಲೆಯ ಭಾರತೀಯ ನಾವಿಕರು ಕೆಟ್ಟ ಊಟ ನಿರಾಕರಿಸಿ ಎದ್ದದ್ದು ದಿನಗಳೊಳಗೆ ಹತ್ತಾರು ಹಡಗುಗಳಿಗೆ, ಇಪ್ಪತ್ತು ಸಾವಿರ ನಾವಿಕರಿಗೆ ಹಬ್ಬಿ ಸಾಮ್ರಾಜ್ಯವನ್ನೇ ಬೆಚ್ಚಿಸಿತು. ಜನಾಂಗೀಯ ಅವಮಾನ, ಸಂಬಳದ ತಾರತಮ್ಯ, ದೇಶದ ಬಿಸಿ ಎಲ್ಲವೂ ಅದರಲ್ಲಿದ್ದವು, ಕಿಡಿ ಹೊತ್ತಿದ್ದು ಊಟದ ಮನೆಯಲ್ಲಿ. ಹಾಗಾಗಿ ಬೇಯಿಸಿದ ಕೋಸು, ಉಪ್ಪಿಲ್ಲದ ಬೇಳೆ ಕೊಟ್ಟು ಆರೋಗ್ಯ ಎನ್ನುವವರ ಜೊತೆ ನಾನಿಲ್ಲ. ರುಚಿ ಮತ್ತು ಸತ್ವ ಎದುರಾಳಿಗಳೆಂದು ಯಾರು ಹೇಳಿದರು? ಜಪಾನಿನ ನೌಕಾಪಡೆ 1908ರ ತನ್ನ ಅಡುಗೆ ಕೈಪಿಡಿಯಲ್ಲೇ ಕರಿ-ಅನ್ನದ ವಿಧಾನ ಬರೆದುಕೊಂಡಿತ್ತು. ನಮ್ಮ ಮಸಾಲೆ ಬ್ರಿಟಿಷರ ಡಬ್ಬಿ ಹೊಕ್ಕು ಅಲ್ಲಿಗೆ ಹೋದದ್ದು. ಮಾಂಸ, ಗೆಡ್ಡೆ, ತರಕಾರಿ ಒಂದೇ ತಟ್ಟೆಯಲ್ಲಿ ಬಂತು, ಹುಡುಗರು ಬಾಯಿ ಚಪ್ಪರಿಸಿದರು. ಇಂದಿಗೂ ಜಪಾನಿನ ಯುದ್ಧನೌಕೆಗಳಲ್ಲಿ ಶುಕ್ರವಾರ ಕರಿಯ ದಿನ. ಹಡಗಿನ ಅಡುಗೆಭಟ್ಟನಿಗೆ ಒಳ್ಳೆಯ ಸಾಮಾನು, ಸಮಯ, ತರಬೇತಿ ಕೊಟ್ಟರೆ ಹಬ್ಬದ ಜಾಮೂನು ಹಬ್ಬಕ್ಕೆ ಉಳಿದು ದಿನದ ಊಟವೂ ರುಚಿಯಾಗುತ್ತದೆ.

ಜಾಗವೆಲ್ಲಿ, ದುಡ್ಡೆಲ್ಲಿ ಎನ್ನುವವರಿಗೆ ಸ್ವಲ್ಪ ಗಣಿತ. ಕಾರವಾರದ ಕದಂಬ ನೆಲೆಯಲ್ಲಿ ನಿಲ್ಲುವ ವಿಕ್ರಮಾದಿತ್ಯ ವಿಮಾನವಾಹಕ ನೌಕೆ ಸೇವೆಗೆ ಸೇರಿದಾಗ ನೌಕಾಪಡೆಯೇ ಹೇಳಿದ ಲೆಕ್ಕ: 1,600ಕ್ಕೂ ಹೆಚ್ಚು ಜನ, ತಿಂಗಳಿಗೆ ಸುಮಾರು ಒಂದು ಲಕ್ಷ ಮೊಟ್ಟೆ, 20,000 ಲೀಟರ್ ಹಾಲು, 16 ಟನ್ ಅಕ್ಕಿ, ಪೂರ್ತಿ ತುಂಬಿದರೆ ಸುಮಾರು 45 ದಿನ ಸಮುದ್ರದಲ್ಲಿರಬಲ್ಲದು. ತಲೆಗೆ ಹಂಚಿದರೆ ದಿನಕ್ಕೆ ಎರಡು ಮೊಟ್ಟೆ, ನಾನೂರು ಮಿಲಿಲೀಟರ್ ಹಾಲು, 330 ಗ್ರಾಂ ಅಕ್ಕಿ. ಮೊಟ್ಟೆ, ಹಾಲು ಮೆಚ್ಚಬೇಕಾದ್ದೇ. ಅಕ್ಕಿಯೊಂದರಿಂದಲೇ 1,100 ಚಿಲ್ಲರೆ ಕ್ಯಾಲರಿ. ಅದರ ಮೇಲೆ ಚಪಾತಿ, ಎಣ್ಣೆ, ಸಕ್ಕರೆ. ಕೂತು ಕೆಲಸ ಮಾಡುವವನ ದಿನದ ಅಗತ್ಯದ ಅರ್ಧದ ಹತ್ತಿರ ಒಂದೇ ಧಾನ್ಯದಿಂದ ಬರುತ್ತಿರುವಾಗ ಆ ಧಾನ್ಯ ಎಂಥದು ಎಂಬುದು ಸಣ್ಣ ವಿಚಾರವಲ್ಲ. 16 ಟನ್‌ನಲ್ಲಿ ನಾಲ್ಕು ಟನ್ ಕುಚ್ಚಲಕ್ಕಿ, ಎರಡು ಟನ್ ಜಾಗ ರಾಗಿ ಮತ್ತು ಕಾಳಿಗೆ ಬಿಟ್ಟರೆ ಚೀಲದ ಸಂಖ್ಯೆ ಹೆಚ್ಚುವುದಿಲ್ಲ. ರಾಗಿ ಕಾಳಾಗಿ ಇಟ್ಟರೆ ವರ್ಷಗಟ್ಟಲೆ ಕೆಡದ ಧಾನ್ಯ, ಹಗೇವಿನಲ್ಲಿ ತುಂಬಿಟ್ಟು ಬರಗಾಲ ದಾಟಿದ ನಮ್ಮ ಬಯಲುಸೀಮೆಗೆ ಅದನ್ನು ಹೊಸದಾಗಿ ಹೇಳಬೇಕಿಲ್ಲ. ತಾಜಾ ತರಕಾರಿ ಮುಗಿದ ಮೇಲೇನು ಎಂದರೆ ಅದಕ್ಕೂ ಉತ್ತರ ಹಳೆಯದು. ಮೆಸಪೊಟೇಮಿಯದ ಆ ಅನಾಹುತದ ಕಾಲದಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯ ಹ್ಯಾರಿಯೆಟ್ ಚಿಕ್ ಎಂಬ ವಿಜ್ಞಾನಿ ಒಣಕಾಳಿಗೆ ಇಲ್ಲದ ಸ್ಕರ್ವಿ ತಡೆಯುವ ಗುಣ ಮೊಳಕೆ ಬರಿಸಿದ ಕಾಳಿಗೆ ಇದೆಯೆಂದು ತೋರಿಸಿದಳು. ಹೆಸರುಕಾಳು, ಒದ್ದೆ ಬಟ್ಟೆ, ಎರಡು ದಿನ. ವಿಮಾನ ಇಳಿಸುವ ಹಡಗಿನಲ್ಲಿ ಇದಕ್ಕೆ ಜಾಗವಿಲ್ಲ ಎನ್ನುವುದನ್ನು ನಂಬುವುದು ಕಷ್ಟ.

ಸೇನೆಯ ಆಹಾರವನ್ನೇ ವಿಷಯವಾಗಿಟ್ಟುಕೊಂಡು 1961ರಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾಲಯ ಮೈಸೂರಿನದು. ಹಡಗುಗಳು ಹೊರಡುವ ನೆಲೆ ಕಾರವಾರದಲ್ಲಿದೆ, ವಾಸ್ಕೋ ಡ ಗಾಮ ಹೊರಟ ಅದೇ ಅಂಜದೀವದ ನೆರಳಿನಲ್ಲಿ. ಆಗಬೇಕಾದದ್ದು ತಕಾಕಿ ಬೇಡಿದಂಥದೇ: ಒಂದೇ ಬಗೆಯ ಎರಡು ಹಡಗು, ಒಂದೇ ದಾರಿ, ಅಷ್ಟೇ ದಿನ. ಒಂದರಲ್ಲಿ ಈಗಿನ ಪಡಿತರ ಮತ್ತು ಪಾಳಿ, ಇನ್ನೊಂದರಲ್ಲಿ ಬದಲಿಸಿದ್ದು. ಹೊರಡುವಾಗ ಮತ್ತು ಬಂದಾಗ ಬರೀ ತೂಕವಲ್ಲ, ಕೊಬ್ಬು, ಸ್ನಾಯು, ಹಿಡಿತದ ಬಲ, ರಕ್ತದ ಸಕ್ಕರೆ, ವಿಟಮಿನ್ ಡಿ. ನಡುವೆ ಪ್ರತಿದಿನ ಬಡಿಸಿದ್ದು, ತಟ್ಟೆಯಲ್ಲಿ ಉಳಿದದ್ದು, ಮಲಗಿದ ಗಂಟೆ. ಫಲಿತಾಂಶದ ಹಾಳೆಯಲ್ಲಿ ನಾವಿಕನ ಹೆಸರಿನ ಮುಂದೆ ಅವನ ಅಂಕಿ ಇರಲಿ, ಅಡ್ಡಿಯಿಲ್ಲ. ಅದರ ಪಕ್ಕದ ಅಂಕಣದಲ್ಲಿ ಆ ಯಾನಕ್ಕೆ ಉಗ್ರಾಣದ ಪಟ್ಟಿಗೆ ಸಹಿ ಹಾಕಿದ ಅಧಿಕಾರಿಯ ಹುದ್ದೆಯೂ, ಪಾಳಿ ಹಂಚಿದವರ ಹುದ್ದೆಯೂ ಇರಲಿ.